ಪೂರ್ವಪಕ್ಷವಿಲ್ಲದ ಓದು

ಶುಭ ಶುಕ್ರವಾರದ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಚೆನ್ನೈಯ ಚರ್ಚುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವೇಪೇರಿ, ರಾಯಪೇಟೆ, ಸಾಂತೋಮ್, ಎಲ್ಲಿ ಹೋದರೂ ಅಷ್ಟೇ. ಏಪ್ರಿಲ್ ಸೆಕೆಯಲ್ಲಿ ಉಪವಾಸವಿರುವ ಮುದುಕಿಯರು ಸೀರೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿರುತ್ತಾರೆ. ತಮಿಳೋ ತೆಲುಗೋ ಮಲಯಾಳವೋ ಇಂಗ್ಲಿಷೋ, ಆರಾಧನೆ ಯಾವ ಭಾಷೆಯದಾದರೂ ಪ್ರವಾದಿ ಯೆಶಾಯನ 53ನೆಯ ಅಧ್ಯಾಯ ಓದದೆ ಆ ದಿನ ಮುಗಿಯುವುದು ಅಪರೂಪ. ಜನ ತಿರಸ್ಕರಿಸಿದ ಒಬ್ಬ ಸೇವಕ, ಬಾಯಿ ತೆರೆಯದೆ ಬೇರೆಯವರ ನೋವನ್ನು ತಾನು ಹೊತ್ತವನು. ಚಿಕ್ಕಂದಿನಿಂದ ಕೇಳಿದ್ದರೂ ಈ ಭಾಗ ಬಂದಾಗ ಇವತ್ತಿಗೂ ನನ್ನ ಕಣ್ಣು ತುಂಬುತ್ತದೆ. ಆ ಸೇವಕ ಯೇಸು ಎಂಬುದರಲ್ಲಿ ಸಭೆಯಲ್ಲಿ ಕೂತ ಯಾರಿಗೂ ಸಂಶಯವಿಲ್ಲ.

ನಾನು ಮನೆಯಲ್ಲಿ ಓದುವುದು ಕನ್ನಡ ಸತ್ಯವೇದ. ಬಳ್ಳಾರಿಯ ನಮ್ಮಜ್ಜಿಯಿಂದ ಬಂದ ಪ್ರತಿ. ಕನ್ನಡ ಸತ್ಯವೇದದ ಮೊದಲ ಕೆಲಸವೂ ಬಹುಮಟ್ಟಿಗೆ ಬಳ್ಳಾರಿಯದೇ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎರಡು ದಶಕ ಅದರಲ್ಲೇ ತೊಡಗಿದ್ದರು. ಬಳ್ಳಾರಿ ಆಗ ಮದ್ರಾಸ್ ಆಧಿಪತ್ಯದಲ್ಲಿತ್ತು. ಅಜ್ಜಿಯ ಪ್ರತಿಯಲ್ಲಿ ಯೆಶಾಯ 53ರ ಪುಟ ಎಣ್ಣೆಗೈ ತಾಗಿ ಹಳದಿಗಟ್ಟಿದೆ. ಅಡಿಯಲ್ಲಿ ಸಣ್ಣಕ್ಷರದ ಸೂಚನೆಗಳಿವೆ: ಮತ್ತಾಯ, ಯೋಹಾನ, ಅಪೊಸ್ತಲರ ಕೃತ್ಯಗಳು, ಪೇತ್ರ. ಎಲ್ಲವೂ ಮುಂದಕ್ಕೆ, ಹೊಸ ಒಡಂಬಡಿಕೆಯ ಕಡೆಗೆ ಕೈ ತೋರಿಸುತ್ತವೆ. ನಾಲ್ಕೇ ಅಧ್ಯಾಯ ಹಿಂದೆ, 49ರಲ್ಲಿ, ದೇವರು ತನ್ನ ಸೇವಕನನ್ನು ಹೆಸರು ಹಿಡಿದೇ ಕರೆಯುತ್ತಾನೆ. ಆ ಹೆಸರು ಇಸ್ರಾಯೇಲ್. ಅಲ್ಲಿಗೆ ಹೋಗಿ ನೋಡು ಎನ್ನುವ ಸೂಚನೆ ನನ್ನ ಪ್ರತಿಯಲ್ಲಿಲ್ಲ.

ಯೆಹೂದ್ಯರು ಈ ಭಾಗವನ್ನು ಬಹುಕಾಲದಿಂದ ಓದಿಕೊಂಡು ಬಂದದ್ದು ಆ 49ರ ಬೆಳಕಿನಲ್ಲಿ. ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಗೆನನೇ, ತನ್ನೊಡನೆ ವಾದಿಸಿದ ಯೆಹೂದ್ಯರು ಸೇವಕನೆಂದರೆ ಚದುರಿಹೋದ ತಮ್ಮ ಇಡೀ ಜನಾಂಗ ಎಂದರೆಂದು ಬರೆದಿಟ್ಟಿದ್ದಾನೆ. ಸೇವಕನಲ್ಲಿ ಮೆಸ್ಸೀಯನನ್ನು ಕಂಡ ಯೆಹೂದ್ಯ ವ್ಯಾಖ್ಯಾನಗಳೂ ಇವೆ, ಅವರ ಓದೂ ಒಂದೇ ಅಲ್ಲ. ಆದರೆ ಫ್ರಾನ್ಸಿನ ಟ್ರ್ವಾ ಊರಿನ ರಾಶಿ (1040–1105) ಬರೆದ ವ್ಯಾಖ್ಯಾನದಲ್ಲಿ ಸೇವಕ ಇಸ್ರಾಯೇಲೇ. ಆತ ಬದುಕಿದ್ದಾಗಲೇ, 1096ರಲ್ಲಿ, ಶಿಲುಬೆಯ ಗುರುತು ಹಾಕಿಕೊಂಡು ಹೊರಟ ದಂಡುಗಳು ರೈನ್ ನದಿಯ ದಡದ ಊರುಗಳಲ್ಲಿ ಯೆಹೂದ್ಯರನ್ನು ಸಾಮೂಹಿಕವಾಗಿ ಕೊಂದವು. ಅದನ್ನು ಕಂಡ ಜನರಿಗೆ ತಿರಸ್ಕೃತ ಸೇವಕ ಯಾರೆಂದು ಬೇರೆ ಹೇಳಬೇಕಾಗಿರಲಿಲ್ಲ. ಈ ಇತಿಹಾಸ ತಿಳಿದ ಮೇಲೆ ಅದೇ ಅಧ್ಯಾಯವನ್ನು ಅಷ್ಟು ನಿಶ್ಚಿಂತೆಯಿಂದ ಕೇಳುವುದು ನನ್ನಿಂದ ಆಗುತ್ತಿಲ್ಲ.

ಈ ಇನ್ನೊಂದು ಓದು ಚೆನ್ನೈಗೆ ಹೊರಗಿನದೂ ಅಲ್ಲ. ಜಾರ್ಜ್ ಟೌನಿನ ಮಣ್ಣಡಿಯ ಹತ್ತಿರ ಪವಳಕ್ಕಾರ ಬೀದಿ ಇದೆ, ಹವಳದ ವರ್ತಕರ ಬೀದಿ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಪೋರ್ಚುಗೀಸ್ ಮೂಲದ ಯೆಹೂದ್ಯರು ಮೆಡಿಟರೇನಿಯನ್ ಕಡಲಿನ ಹವಳ ತಂದು ಇಲ್ಲಿ ಮಾರಿ, ಗೋಲ್ಕೊಂಡದ ವಜ್ರವನ್ನು ಲಂಡನ್ನಿಗೆ ಕಳಿಸುತ್ತಿದ್ದರು. 1687ರಲ್ಲಿ ತೀರಿಕೊಂಡ ಜಾಕ್ ದೆ ಪೈವಾ ಅವರಲ್ಲೊಬ್ಬ. ಮರುವರ್ಷ ಮದ್ರಾಸ್ ಕಾರ್ಪೊರೇಷನ್ ಶುರುವಾದಾಗ ಅದರ ಆಲ್ಡರ್‌ಮನ್‌ಗಳಲ್ಲಿ ಯೆಹೂದ್ಯ ವರ್ತಕರೂ ಇದ್ದರು. ಇವರ ಪೂರ್ವಿಕರನ್ನು 1492ರಲ್ಲಿ ಸ್ಪೇನ್ ಹೊರಗಟ್ಟಿತ್ತು, 1497ರಲ್ಲಿ ಪೋರ್ಚುಗಲ್ ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿತ್ತು. 1560ರಿಂದ ಗೋವದಲ್ಲೂ ಧರ್ಮವಿಚಾರಣೆಯ ನ್ಯಾಯಾಲಯವಿತ್ತು. ಅದೇ ಪೋರ್ಚುಗೀಸರು ಕಟ್ಟಿದ ಸಾಂತೋಮ್ ಈ ವರ್ತಕರ ಅಂಗಡಿಗಳಿಂದ ಕೆಲವೇ ಮೈಲಿ. ಎರಡೂ ಕಡೆ ಓದುತ್ತಿದ್ದದ್ದು ಅದೇ ಯೆಶಾಯ, ಅದೇ ಕೀರ್ತನೆಗಳು. ಬಾಬೆಲಿನ ನದಿಗಳ ಬಳಿ ಕೂತು ಅತ್ತವರ ಕೀರ್ತನೆ ಒಂದು ಕಡೆ ಸ್ವರ್ಗಕ್ಕಾಗಿ ಹಂಬಲಿಸುವ ಆತ್ಮದ ಹಾಡು. ಇನ್ನೊಂದು ಕಡೆ ಲಿಸ್ಬನ್ನಿನಲ್ಲಿ ಬಿಟ್ಟುಬಂದ ಮನೆ.

ಆ ಸಮುದಾಯ ಈಗ ಇಲ್ಲ. ಲಾಯ್ಡ್ಸ್ ರಸ್ತೆಯ ಪುಟ್ಟ ಸ್ಮಶಾನದಲ್ಲಿ ಹೀಬ್ರೂ ಅಕ್ಷರದ ಕೆಲವು ಕಲ್ಲುಗಳು ಉಳಿದಿವೆ. ಆ ಕಲ್ಲುಗಳೂ ಮೊದಲಿನ ಜಾಗದಿಂದ ಎತ್ತಿ ತಂದು ಇಟ್ಟವು.

ಇಲ್ಲಿಂದ ಕೆಲವು ಗಾವುದ ದೂರದ ಶ್ರೀಪೆರುಂಬುದೂರಿನಲ್ಲಿ ರಾಮಾನುಜರು ಹುಟ್ಟಿದರು. ಶಂಕರರು ಓದಿದ ಸೂತ್ರಗಳನ್ನೇ ಅವರೂ ಓದಿದರು, ಆಮೇಲೆ ಉಡುಪಿಯ ಹತ್ತಿರದ ಪಾಜಕದ ಮಧ್ವರೂ ಓದಿದರು. ಒಂದು ಮೂಲಕ್ಕೆ ಮೂರು ಭಾಷ್ಯ ಎಂದರೆ ಕನ್ನಡಿಗರು ಬೆಚ್ಚುವುದಿಲ್ಲ. ಆ ಪರಂಪರೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಪೂರ್ವಪಕ್ಷದ ಶಿಸ್ತು. ತನ್ನ ಸಿದ್ಧಾಂತ ಹೇಳುವ ಮೊದಲು ಎದುರಿನವನ ಮಾತನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಮಂಡಿಸಬೇಕು. ನಮ್ಮ ಪ್ರಸಂಗಪೀಠಗಳಲ್ಲಿ ಹಳೆಯ ಒಡಂಬಡಿಕೆಗೆ ಈ ಮರ್ಯಾದೆ ಸಿಗುತ್ತಿಲ್ಲ. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಆ ಗ್ರಂಥವೇ ಬೇಡವೆಂದಾಗ ರೋಮಿನ ಸಭೆ ಅವನನ್ನು ಹೊರಗಿಟ್ಟಿತು. ಪುಸ್ತಕವನ್ನು ಉಳಿಸಿಕೊಂಡೆವು. ಅದನ್ನು ಕೊಟ್ಟವರು ಹೇಗೆ ಓದುತ್ತಾರೆಂದು ಕೇಳುವುದನ್ನು ಬಿಟ್ಟೆವು.

ಕೇಳಿದ್ದರೆ ಪುಸ್ತಕದ ಆಕಾರವೇ ಬೇರೆಯಾಗಿ ಕಾಣುತ್ತಿತ್ತು. ನಾವು 39 ಎಂದು ಎಣಿಸುವ ಪುಸ್ತಕಗಳನ್ನು ಅವರು 24 ಎಂದು ಎಣಿಸಿ, ಧರ್ಮಶಾಸ್ತ್ರ, ಪ್ರವಾದಿಗಳು, ಬರಹಗಳು ಎಂದು ಮೂರು ಭಾಗ ಮಾಡುತ್ತಾರೆ. ನಮ್ಮ ಹಳೆಯ ಒಡಂಬಡಿಕೆ ಮುಗಿಯುವುದು ಮಲಾಕಿಯನಲ್ಲಿ, ಎಲೀಯ ಬರುತ್ತಾನೆಂಬ ಭರವಸೆಯಲ್ಲಿ. ಇನ್ನು ಕೆಲವು ಪುಟ ತಿರುಗಿಸಿದರೆ ಸ್ನಾನಿಕನಾದ ಯೋಹಾನ ಅರಣ್ಯದಲ್ಲಿ ನಿಂತಿದ್ದಾನೆ. ಅವರ ಅಚ್ಚಿನ ಪುಸ್ತಕಗಳಲ್ಲಿ ಕೊನೆಗೆ ಬರುವುದು ಪೂರ್ವಕಾಲವೃತ್ತಾಂತ. ಅಲ್ಲಿ ಪರ್ಷಿಯದ ಅರಸ ಕೋರೆಷ, ಹೊರಟುಹೋಗುವ ಮನಸ್ಸಿದ್ದವರು ಯೆರೂಸಲೇಮಿಗೆ ಹೋಗಲಿ ಎಂದು ಅಪ್ಪಣೆ ಕೊಡುತ್ತಾನೆ. ನಾವು ಒಬ್ಬಾತನ ಬರವಿಗಾಗಿ ಕಾಯುತ್ತ ಪುಸ್ತಕ ಮುಚ್ಚುತ್ತೇವೆ, ಅವರು ಊರಿಗೆ ಹೊರಡುತ್ತ.

ಯೋನನ ಕಥೆಯಲ್ಲೂ ಇದೇ ಆಗಿದೆ. ಕಡಲತಡಿಯ ಈ ಊರಿನ ಸಂಡೇ ಸ್ಕೂಲ್ ಮಕ್ಕಳಿಗೆ ಯೋನನೆಂದರೆ ಮೀನು. ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದದ್ದು ಸಮಾಧಿಯಲ್ಲಿದ್ದ ಕ್ರಿಸ್ತನ ಗುರುತು ಎಂದು ಸುವಾರ್ತೆಯೇ ಹೇಳುತ್ತದೆ, ಅದನ್ನು ನಾನೂ ನಂಬುತ್ತೇನೆ. ಆದರೆ ಯೆಹೂದ್ಯರು ಈ ಪುಸ್ತಕವನ್ನು ಪೂರ್ತಿಯಾಗಿ ಓದುವುದು ದೋಷಪರಿಹಾರಕ ದಿನದ ಮಧ್ಯಾಹ್ನ, ಉಪವಾಸದಿಂದ ಮೈ ಸೋತ ಹೊತ್ತಿನಲ್ಲಿ. ಆಗ ಮುಖ್ಯವಾಗುವುದು ನಿನೆವೆ. ವೈರಿಗಳ ರಾಜಧಾನಿ ಪಶ್ಚಾತ್ತಾಪಪಟ್ಟಿತು, ದೇವರು ಕ್ಷಮಿಸಿಬಿಟ್ಟ, ಪ್ರವಾದಿಗೆ ಸಿಟ್ಟು ಬಂತು. ಒಣಗಿಹೋದ ಒಂದು ಗಿಡಕ್ಕಾಗಿ ಮರುಗುವ ಯೋನನನ್ನು, 1,20,000ಕ್ಕೂ ಹೆಚ್ಚು ಜನರೂ ಬಹಳ ದನಕರುಗಳೂ ಇರುವ ಪಟ್ಟಣಕ್ಕಾಗಿ ನಾನು ಮರುಗಬಾರದೇ ಎಂದು ದೇವರು ಕೇಳುತ್ತಾನೆ. ಪುಸ್ತಕ ಆ ಪ್ರಶ್ನೆಯಲ್ಲೇ ನಿಂತುಬಿಡುತ್ತದೆ. ಹಿಂಸೆ ಕೊಟ್ಟವರಿಗೂ ದಯೆ ಸಿಗುತ್ತದೆ ಎನ್ನುವ ಕಥೆಯನ್ನು, ಅಷ್ಟು ಹಿಂಸೆ ಉಂಡ ಜನ ತಮ್ಮ ಅತಿ ಪವಿತ್ರ ದಿನಕ್ಕೆ ಆರಿಸಿಕೊಂಡಿದ್ದಾರೆ. ನನಗೆ ಇದು ಮೀನಿಗಿಂತ ದೊಡ್ಡ ಅದ್ಭುತ.

ನಮ್ಮ ಸಭೆಯ ಬೈಬಲ್ ಅಧ್ಯಯನ ಕೂಟದಲ್ಲಿ ಯೋನನನ್ನು ಹೀಗೆ ಓದಿದಾಗ ಒಬ್ಬ ಹಿರಿಯರು ಎದ್ದು ನಿಂತರು. "ಅವರ ಓದೇ ಸರಿ ಅಂದರೆ ನಮ್ಮ ಕರ್ತನಿಗೆ ಜಾಗ ಎಲ್ಲಿ, ಸರ್?" ಅವರ ದನಿ ನಡುಗುತ್ತಿತ್ತು. ಆ ಭಯ ಹುಸಿಯಲ್ಲ. 2001ರಲ್ಲಿ ವ್ಯಾಟಿಕನ್ನಿನ ಬೈಬಲ್ ಆಯೋಗವೇ ಯೆಹೂದ್ಯರ ಓದು ಸಾಧ್ಯವಾದ ಓದು, ಎರಡನೆಯ ದೇವಾಲಯದ ಕಾಲದಿಂದ ಮುಂದುವರಿದು ಬಂದದ್ದು ಎಂದು ಒಪ್ಪಿದೆ ಎಂದು ಹೇಳಬಹುದಿತ್ತು. ಆದರೆ ನಮ್ಮದು ಪ್ರಾಟೆಸ್ಟೆಂಟ್ ಸಭೆ, ಆ ಮಾತಿಗೆ ಅಲ್ಲಿ ಅಷ್ಟು ತೂಕವಿಲ್ಲ. ನಾನು ಲೂಕನ ನಾಲ್ಕನೆಯ ಅಧ್ಯಾಯ ತೆಗೆಯಲು ಹೇಳಿದೆ. ನಜರೇತಿನ ಸಭಾಮಂದಿರದಲ್ಲಿ, ಸಬ್ಬತ್ ದಿನ, ಎದ್ದು ನಿಂತು ಯೆಶಾಯನ ಸುರುಳಿ ಬಿಚ್ಚಿ ಓದಿದವನು ಯೇಸುವೇ. ಶಿಲುಬೆಯ ಏಳು ಮಾತುಗಳಲ್ಲಿ ನಾಲ್ಕನೆಯದು 22ನೆಯ ಕೀರ್ತನೆಯ ಮೊದಲ ಸಾಲು. ಆತನ ತಾಯಿಯ ಮನೆಯಲ್ಲಿ ಈ ಗ್ರಂಥವನ್ನು ಕೇಳುತ್ತಿದ್ದ ಬಗೆಯನ್ನು ನಾವು ಪರಕೀಯವೆಂದು ಹೇಗೆ ಹೇಳೋಣ?

ಹಿರಿಯರು ಪೂರ್ತಿ ಒಪ್ಪಲಿಲ್ಲ. ಆದರೂ ಬರುವ ಶುಭ ಶುಕ್ರವಾರ 53ಕ್ಕೆ ಮೊದಲು 49ನ್ನೂ ಓದಿಸಲು ಸಭಾಪಾಲಕರು ಒಪ್ಪಿದ್ದಾರೆ. ಓದುವ ಕೆಲಸವನ್ನು ಆ ಹಿರಿಯರೇ ಕೇಳಿ ತೆಗೆದುಕೊಂಡರು.