ಸವೆದ ಕಾಸಿನ ಸಾಕ್ಷಿ

ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳೆಯ ಮನೆಗಳ ದೇವರ ಪೆಟ್ಟಿಗೆಯಲ್ಲಿ ಒಂದೆರಡು ತಾಮ್ರದ ಆನೆಕಾಸುಗಳು ಸಿಕ್ಕುವುದುಂಟು. ಅನೇಕರ ಕೈಯಲ್ಲಿ ಸವೆದು, ಆನೆಯ ಬೆನ್ನಷ್ಟೇ ಉಳಿದಿರುವುದು. ಆ ಬೆನ್ನಿನ ಗೆರೆ ಎರಡಾಗಿ ಕಂಡರೆ, ಅಚ್ಚೇ ತಪ್ಪಿದೆಯೆಂದು ಹಿಗ್ಗುವವರುಂಟು. ಆದರೆ ಅಚ್ಚಿನ ತಪ್ಪು ಬೇರೆ, ಕೈಯ ತಪ್ಪು ಬೇರೆ.

ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದ ಟಂಕಸಾಲೆಯವರು ತಾಮ್ರದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇರಿಸಿ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ೧೭೯೯ರ ತರುವಾಯ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲಿಯೂ ಆನೆ ಮುಂದುವರಿಯಿತು. ಎರಡನೆಯ ಏಟಿಗೆ ಮುನ್ನ ಬಿಲ್ಲೆ ಜರುಗಿದರೆ ಚಿತ್ರ ಎರಡಾಗುವುದು. ಅದು ಆ ಒಂದು ಕಾಸಿನ ಹಣೆಬರಹ.

ಯಂತ್ರದ ಟಂಕಸಾಲೆಗಳಲ್ಲಿ ಮೂಲಮುದ್ರೆಯನ್ನು ಉಕ್ಕಿಗೆ ಹಲವು ಸಲ ಒತ್ತಿ ಅಚ್ಚು ಮಾಡುತ್ತಿದ್ದ ಕಾಲದಲ್ಲಿ, ಒಮ್ಮೆ ಎಳೆಯಷ್ಟು ತಿರುಗಿದರೂ ಜೋಡಿಗೆರೆ ಅಚ್ಚಿನಲ್ಲಿಯೇ ನಿಲ್ಲುತ್ತಿತ್ತು. ಅದರಿಂದ ಹೊರಟ ನಾಣ್ಯಗಳೆಲ್ಲವೂ ಅದನ್ನು ಹೊತ್ತು ಬರುತ್ತಿದ್ದವು. ಅಮೆರಿಕದ ೧೯೫೫ರ ಒಂದು ಸೆಂಟಿನ ನಾಣ್ಯ ಇದಕ್ಕೆ ಹೆಸರಾದುದು.

ಸವೆತವು ಗೆರೆಯನ್ನು ಅಗಲಿಸೀತು, ಮಸುಕುಗೊಳಿಸೀತು. ಹೊಸ ಗೆರೆಯನ್ನು ಹುಟ್ಟಿಸದು. ಅಕ್ಷರದ ತುದಿ ಸೀಳಿ, ಎರಡು ಗೆರೆಗಳೂ ದುಂಡಾಗಿ ಎದ್ದಿದ್ದರೆ ಅಚ್ಚನ್ನು ಶಂಕಿಸಬಹುದು. ಚಪ್ಪಟೆಯಾದ ಮೆಟ್ಟಿಲಿನಂತಿದ್ದರೆ, ಹೊಡೆತದಲ್ಲಿ ಅಚ್ಚು ಅಲುಗಿದ ಗುರುತು. ನಿಶ್ಚಯಕ್ಕೆ, ಅದೇ ಜಾಗದಲ್ಲಿ ಅದೇ ಜೋಡಿಗೆರೆಯುಳ್ಳ ಮತ್ತೊಂದು ನಾಣ್ಯ ಬೇಕು. ಒಂಟಿ ಸಾಕ್ಷಿಯಿಂದ ತೀರ್ಪಾಗದು.

ಹಾಗೆಂದು ಆನೆಕಾಸಿನ ಜೋಡಿಗೆರೆ ಕೀಳಲ್ಲ. ಅಚ್ಚಿನ ತಪ್ಪು ಸಾವಿರ ನಾಣ್ಯಗಳಲ್ಲಿ ಮರಳಿ ಬಂದೀತು. ಹೆಸರಿಲ್ಲದ ಕೆಲಸಗಾರನೊಬ್ಬನ ಕೈ ತಪ್ಪಿದ ಗಳಿಗೆ ಮರಳಿ ಬಾರದು. ಹಬ್ಬದ ದಿನ ಅದನ್ನು ಹುಣಿಸೆಹಣ್ಣಿನಿಂದ ತಿಕ್ಕಿದರೆ ತಾಮ್ರ ಹೊಳೆಯುವುದು. ಉಳಿದಿದ್ದ ಅಷ್ಟು ಗುರುತೂ ಅಳಿಯುವುದು.