ಪಾಡ್ದನಕ್ಕೆ ಕಾಲಂ ಇಲ್ಲ

ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ಶುರುವಾದ ತುಳು ನಿಘಂಟಿನ ಕೆಲಸ 1997ಕ್ಕೆ ಆರು ಸಂಪುಟಗಳಾಗಿ ಮುಗಿಯಿತು. ಡಾ. ಯು.ಪಿ. ಉಪಾಧ್ಯಾಯರ ತಂಡದ ಹದಿನೆಂಟು ವರ್ಷದ ದುಡಿಮೆ ಅದು. ಇವತ್ತು ಅಂಥ ಕೆಲಸಕ್ಕೆ ಕೂತರೆ ಮೊದಲು ಬೇಕಾದ್ದೇ ಕಂಪ್ಯೂಟರ್, ಅದಕ್ಕೆ ದುಡ್ಡು.

ಮಣಿಪಾಲದ ಮಾಹೆ ವಿಶ್ವವಿದ್ಯಾಲಯದಲ್ಲಾದರೆ ಅಧ್ಯಾಪಕರ ಸಂಶೋಧನೆಗೆ ಸೀಡ್ ಮನಿ ಉಂಟು. ಕಾಪು, ಕಾರ್ಕಳ ಕಡೆಯ ಡಿಗ್ರಿ ಕಾಲೇಜಿನ ಮೇಷ್ಟ್ರು ಅಜ್ಜಿಯೊಬ್ಬರು ಹಾಡುವ ಪಾಡ್ದನ (ತುಳುವಿನ ಕಥನ ಹಾಡು) ರೆಕಾರ್ಡ್ ಮಾಡಿಡಬೇಕೆಂದರೆ ಹೆಚ್ಚಾಗಿ ಕಂತಿನ ಲ್ಯಾಪ್‌ಟಾಪೇ ಗತಿ. ಅನುದಾನದ ಪ್ರಾಜೆಕ್ಟ್ ಸಿಕ್ಕಿತು ಅಂತಿಟ್ಟುಕೊಳ್ಳಿ: ಲ್ಯಾಪ್‌ಟಾಪ್ ಕೊಳ್ಳಲು ಮೂರು ಕೊಟೇಶನ್, ಪರ್ಚೇಸ್ ಕಮಿಟಿ, ಸ್ಟಾಕ್ ರಿಜಿಸ್ಟರ್. ಪ್ರಾಜೆಕ್ಟ್ ಮುಗಿದ ಮೇಲೆ ಯಂತ್ರ ಕಾಲೇಜಿನದ್ದು. (ಸರಿಯೇ, ಸಾರ್ವಜನಿಕರ ದುಡ್ಡು.) ಆದರೆ ಅದರೊಳಗಿನ ಪಾಡ್ದನಕ್ಕೆ ರಿಜಿಸ್ಟರಿನಲ್ಲಿ ಕಾಲಂ ಎಲ್ಲುಂಟು? ಅನುದಾನ ಕೊಡುವವರು ಬ್ಯಾಕಪ್ ಹಾರ್ಡ್ ಡಿಸ್ಕಿಗೂ ಒಂದಿಷ್ಟು ತೆಗೆದಿಡಲಿ ಮಾರಾಯ್ರೆ.