ಒಂದು ರಾತ್ರಿಯ ದಾರಿಗೆ ಮೂರು ವಾರ

ಮೂವತ್ತೈದು ವರ್ಷಗಳಿಂದ ನಾವು ಡೊಂಬಿವಲಿಗೂ ಕುಂದಾಪುರದ ಬಳಿಯ ನಮ್ಮ ಹಳ್ಳಿಗೂ ನಡುವೆ ಓಡಾಡುತ್ತಿದ್ದೇವೆ. ಆದರೆ ನಡುವಿನ ಕರಾವಳಿಯನ್ನು ನಾವು ಕಂಡದ್ದು ಬಹಳ ಕಡಿಮೆ. ಮೊದಲು ರಾತ್ರಿಯ ಬಸ್ಸು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದ ಮೇಲೆ ರೈಲು. ಠಾಣೆಯಲ್ಲಿ ಹತ್ತಿ, ಚಪಾತಿಯ ಕಟ್ಟು ಬಿಚ್ಚಿ ಉಂಡು ಮಲಗಿದರೆ ಎಚ್ಚರವಾಗುವುದು ಊರು ಹತ್ತಿರವಾದಾಗಲೇ. ರತ್ನಾಗಿರಿಯೆಂದರೆ ನಮಗೆ ನಿದ್ದೆಗಣ್ಣಿನಲ್ಲಿ ಕೇಳಿದ ಚಹಾದವನ ಕೂಗು, ಅಷ್ಟೆ.

ಈ ಸಲ ಹಾಗಾಗಬಾರದೆಂದು ನಾವಿಬ್ಬರೂ ನಿಶ್ಚಯಿಸಿದೆವು. ಕಾರಣವೂ ಇತ್ತು. ಊರಿನ ಮೂಲಮನೆ ಮಾರಾಟವಾಗಲಿದೆ. ಪಾಲುದಾರರೆಲ್ಲರೂ ಒಪ್ಪಿಯಾಗಿದೆ, ನಮ್ಮ ಸಹಿಯೊಂದು ಬಾಕಿ. ಇದಾದ ಮೇಲೆ ‘ಊರಿಗೆ ಹೋಗುವುದು’ ಎಂಬ ಮಾತಿಗೆ ನಮ್ಮ ಪಾಲಿಗೆ ಹಳೆಯ ಅರ್ಥ ಉಳಿಯುವುದಿಲ್ಲ. ಕೊನೆಯ ಸಲವಾದರೂ ಕಣ್ಣು ತೆರೆದುಕೊಂಡು ಹೋಗೋಣವೆಂದು ಒಂದು ನೋಟ್‌ಬುಕ್ಕು ತೆರೆದು ದಾರಿ ಬರೆಯಲು ಕುಳಿತೆವು.

ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ನಮ್ಮ ಮನೆಯಿಂದ ದೂರವಿಲ್ಲ. ಅದನ್ನೇ ಹಿಡಿದರೆ ಬೇಗ ತಲುಪಬಹುದು. ಆದರೆ ಬಹುಪಾಲು ಕೊಂಕಣದಲ್ಲಿ ಅದು ಕಡಲಿನಿಂದ ದೂರ, ಒಳನಾಡಿನಲ್ಲೇ ಸಾಗುತ್ತದೆ. ಕಡಲಿನ ಮಗ್ಗುಲಲ್ಲೇ ಹೋಗಬೇಕೆಂದರೆ ಅಳಿವೆಗಳನ್ನು ದಾಟಬೇಕು. ಕಾರನ್ನೂ ಹೊತ್ತೊಯ್ಯುವ ಜಂಗಲ್‌ಗಳು ಅಲ್ಲಿವೆ: ಅಗರ್‌ದಾಂಡಾದಿಂದ ದಿಘಿ, ಬಾಗ್‌ಮಾಂಡ್ಲಾದಿಂದ ವೇಸ್ವಿ, ದಾಭೋಳದಿಂದ ಧೋಪಾವೆ, ತವಸಾಳದಿಂದ ಜಯಗಡ. ನಾಲ್ಕು ದಾಟುಗಳನ್ನು ಬರೆದ ಮೇಲೆ ಉಳಿದುದು ಸುಲಭವಾಯಿತು. ಜಂಜೀರಾ ಕೋಟೆಗಾಗಿ ಮುರುಡಿನಲ್ಲಿ ಮೂರು ರಾತ್ರಿ. ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುವ ವೇಳಾಸದಲ್ಲಿ ಎರಡು. ರತ್ನಾಗಿರಿಯಲ್ಲಿ ಮೂರು, ಮಾಲವಣದಲ್ಲಿ ಮೂರು. ಪಣಜಿ, ಕಾರವಾರ, ಗೋಕರ್ಣ, ಹೊನ್ನಾವರಗಳಲ್ಲಿ ಎರಡೆರಡು. ಕೊನೆಯ ಎರಡು ರಾತ್ರಿ ಮೂಲಮನೆಯಲ್ಲಿ. ಒಟ್ಟು ಇಪ್ಪತ್ತೊಂದು.

ಒಂದೊಂದು ತಂಗುದಾಣಕ್ಕೂ ನಮ್ಮಲ್ಲಿ ವಾದ ನಡೆಯಿತು. ರತ್ನಾಗಿರಿಯಲ್ಲಿ ಥೀಬಾ ಅರಮನೆಯನ್ನು ನೋಡಲೇಬೇಕೆಂದು ಒಬ್ಬರ ಹಠ. 1885ರಲ್ಲಿ ರಾಜ್ಯ ಕಳೆದುಕೊಂಡ ಬರ್ಮಾದ ದೊರೆ ಥೀಬಾ 1916ರಲ್ಲಿ ತೀರಿಕೊಂಡದ್ದು ಅದೇ ಊರಿನಲ್ಲಿ. ತನ್ನ ನಾಡನ್ನು ಮತ್ತೆ ಕಾಣಲೇ ಇಲ್ಲ. ಗೋಕರ್ಣದ ಸಮೀಪದ ಹನೇಹಳ್ಳಿಗೆ ಹೋಗಬೇಕೆಂದು ಇನ್ನೊಬ್ಬರ ಹಠ. ಮುಂಬಯಿಯಲ್ಲಿ ಬದುಕು ಸವೆಸಿದ ಯಶವಂತ ಚಿತ್ತಾಲರು ಕತೆಗಳಲ್ಲಿ ಮತ್ತೆ ಮತ್ತೆ ಹಿಂದಿರುಗಿದ ಊರದು. ಎರಡೂ ಹಠಗಳ ಮೂಲ ಒಂದೇ ಎಂದು ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಗಳ ಆತಂಕ ಬೇರೆಯದು. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ನುಂಗಿತು. ಮರುತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. “ಆ ದಾರಿಯಲ್ಲಿ ಅಪ್ಪ ಕಾರು ಓಡಿಸುವುದೇ?” ಎಂದು ಕೇಳಿದಳು. ಮಳೆಗಾಲದಲ್ಲಲ್ಲ, ದಿನಕ್ಕೆ ನೂರು ಕಿಲೋಮೀಟರಿಗಿಂತ ಹೆಚ್ಚಿಲ್ಲ, ಕತ್ತಲಾದ ಮೇಲೆ ಓಡಿಸುವುದಿಲ್ಲ ಎಂಬ ಮೂರು ಷರತ್ತುಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವಳೇ ಬರೆದಳು.

ಮಾರ್ಚ್ ಮಧ್ಯದಲ್ಲಿ ಹೊರಟು ಏಪ್ರಿಲ್ ಮೊದಲ ವಾರ ತಲುಪುತ್ತೇವೆಂದು ಅಣ್ಣನಿಗೆ ಫೋನಿನಲ್ಲಿ ಹೇಳಿದೆವು. ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, “ಒಂದ್ ರಾತ್ರಿ ದಾರಿಗೆ ಮೂರ್ ವಾರ ಎಂತಕೆ?” ಎಂದರು. ನಾವು ಕಡಲು, ಕೋಟೆ, ಆಮೆ ಎಂದೆಲ್ಲ ವಿವರಿಸಿದೆವು. ಕೊನೆಗೆ ಅತ್ತಿಗೆ ಫೋನು ತೆಗೆದುಕೊಂಡು ಮೆಲ್ಲಗೆ ಹೇಳಿದರು: ಅಣ್ಣನ ಎರಡೂ ಮೊಣಕಾಲುಗಳಿಗೆ ಶಸ್ತ್ರಚಿಕಿತ್ಸೆ ಆಗಬೇಕು, ಮನೆ ಮಾರಿದ ಹಣ ಬಂದ ಮೇಲೆಯೇ ಅದು. ಅವರು ಈಗ ಬಾವಿಕಟ್ಟೆಯವರೆಗೂ ನಡೆಯುವುದಿಲ್ಲ.

ಆ ರಾತ್ರಿ ನೋಟ್‌ಬುಕ್ಕು ತೆರೆಯಲು ನಮಗೆ ನಾಚಿಕೆಯಾಯಿತು. ಮೂಲಮನೆಯ ಹಂಚು ಬದಲಾಯಿಸಿದವರು, ಅಮ್ಮನ ಕೊನೆಯ ವರ್ಷಗಳಲ್ಲಿ ಜೊತೆಗಿದ್ದವರು ಅವರು. ವರ್ಷಕ್ಕೊಮ್ಮೆ ಹೋಗಿ ಹಲಸಿನಹಣ್ಣು ತಿಂದು ಬಂದವರು ನಾವು. ಮನೆಯನ್ನು ಕಳೆದುಕೊಳ್ಳುವ ದುಃಖವನ್ನು ಮಾತ್ರ ನಾವೇ ಹೆಚ್ಚು ಆಡಿಕೊಳ್ಳುತ್ತಿದ್ದೆವು. ನಿಧಾನವಾಗಿ ಹೋಗುವ ನಮ್ಮ ಆಸೆಯ ಬೆಲೆಯನ್ನು ಅಣ್ಣನ ಮೊಣಕಾಲು ತೆರಬೇಕಿತ್ತು.

ಪ್ರವಾಸ ಬಿಡಲಿಲ್ಲ, ಹೊರಡುವ ದಿನವನ್ನು ಒಂದು ತಿಂಗಳು ಹಿಂದಕ್ಕೆ ತಂದೆವು. ಫೆಬ್ರವರಿ ಮಧ್ಯದಲ್ಲಿ ಹೊರಟರೆ ಮಾರ್ಚ್ ಮೊದಲ ವಾರದಲ್ಲೇ ಸಹಿ. ವೇಳಾಸದಲ್ಲಿ ಆಮೆಮರಿಗಳು ಕಡಲಿಗಿಳಿಯುವುದು ಆಗ ಕಾಣಸಿಗದೆ ಹೋಗಬಹುದು. ಇರಲಿ. ಆ ಎರಡು ರಾತ್ರಿಗಳನ್ನು ಮೂಲಮನೆಗೆ ಸೇರಿಸಿದೆವು. ಅಣ್ಣನನ್ನು ಕಾರಿನಲ್ಲಿ ಕೂರಿಸಿಕೊಂಡು ಮರವಂತೆಗೆ ಹೋಗಿಬರುವ ಯೋಚನೆಯಿದೆ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದರಲ್ಲಿ ಸೌಪರ್ಣಿಕಾ ಇರುವ ಆ ದಾರಿಯಲ್ಲಿ ಕೆಳಗಿಳಿಯದೆಯೂ ಎರಡನ್ನೂ ನೋಡಬಹುದು.

ಹೊರಡುವ ಮುನ್ನ ಅಭ್ಯಾಸಕ್ಕೆಂದು ಕಳೆದ ಭಾನುವಾರ ಹತ್ತಿರದಲ್ಲೇ ಒಂದು ಸುತ್ತು ಹಾಕಿದೆವು. ಕಲ್ಯಾಣದ ದುರ್ಗಾಡಿ ಕೋಟೆಯಿಂದ ಖಾಡಿಯನ್ನು ನೋಡಿದೆವು; ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ಬರಹ ‘ಪೆರಿಪ್ಲಸ್’ ಕೂಡ ಹೆಸರಿಸುವ ಬಂದರು ಅದು. ಅಲ್ಲಿಂದ ನವಿ ಮುಂಬಯಿಯ ಐರೋಲಿಗೆ. 2015ರಲ್ಲಿ ಅಭಯಾರಣ್ಯವಾದ ಠಾಣೆ ಖಾಡಿಯ ಕೆಸರಿನಲ್ಲಿ ರಾಜಹಂಸಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ದಡದ ಉಪ್ಪುನೀರಿನ ಕಾಡನ್ನು ಮರಾಠಿಯಲ್ಲಿ ‘ಕಾಂದಳವನ’ ಎನ್ನುತ್ತಾರೆ. ಹೊನ್ನಾವರದ ಶರಾವತಿಯ ಅಳಿವೆಯಲ್ಲಿ ಅದಕ್ಕೆ ‘ಕಾಂಡ್ಲಾ’ ಎಂದು ಹೆಸರು. ಎಷ್ಟು ಹತ್ತಿರದ ಮಾತುಗಳು! ಊರಿನದೆಂದು ನಾವು ತಿಳಿದಿದ್ದ ಕರಾವಳಿ ಇಷ್ಟು ವರ್ಷವೂ ನಮ್ಮ ಲೋಕಲ್ ರೈಲಿನ ಕಿಟಕಿಯಾಚೆ, ಮುಂಬ್ರಾದ ಬಳಿ, ದಿನಕ್ಕೆರಡು ಸಲ ಹಾದುಹೋಗುತ್ತಿತ್ತು.

ಮನೆಗೆ ಬಂದು ನೋಟ್‌ಬುಕ್ಕು ತಿರುವಿದ ಮಗಳು, “ಹೋಗುವ ದಾರಿ ಮಾತ್ರ ಬರೆದಿದ್ದೀರಿ, ಬರುವುದು ಹೇಗೆ?” ಎಂದಳು. ನಿಜ, ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ಈಗ ಬರೆಯುತ್ತಿದ್ದೇವೆ.